ಟೈಮ್ ಸ್ಟಡಿ: ಸ್ಟಾಪ್‌ವಾಚ್ ಒತ್ತುವ ಮುಂಚೆ, ಒತ್ತಿದ ಮೇಲೆ

ಒಂದು ಕೆಲಸಕ್ಕೆ ಹಿಡಿಯುವ ಹೊತ್ತನ್ನು ಅಳೆದು ಟಾರ್ಗೆಟ್ ಕಟ್ಟುವುದೇ ಟೈಮ್ ಸ್ಟಡಿ. ಗಾರ್ಮೆಂಟ್ಸ್ ಲೈನಿನ ಬೋರ್ಡಿನಲ್ಲಿ ಬರೆಯುವ ‘ಗಂಟೆಗೆ ಇಷ್ಟು ಪೀಸ್’ ಲೆಕ್ಕದ ಬೇರು ಫಿಲಡೆಲ್ಫಿಯಾದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿದೆ. 1880ರ ದಶಕದಲ್ಲಿ ಎಂಜಿನಿಯರ್ ಫ್ರೆಡರಿಕ್ ಟೇಲರ್ ಅಲ್ಲಿ ಕೆಲಸವನ್ನು ಸಣ್ಣ ತುಣುಕುಗಳಾಗಿ ಒಡೆದು ಗಡಿಯಾರ ಹಿಡಿದು ಅಳೆಯತೊಡಗಿದ. 1911ರಲ್ಲಿ ಅವನು ಪ್ರಕಟಿಸಿದ ಸೂತ್ರಗಳು ನಾಲ್ಕು: ರೂಢಿಯ ಬದಲು ಅಳತೆ, ತಕ್ಕವರನ್ನು ಆರಿಸಿ ಕಲಿಸುವುದು, ಅವರೊಡನೆ ಸಹಕಾರ, ಯೋಜನೆಯ ಹೊಣೆ ಆಡಳಿತದ್ದು. ಈಗ ಲೈನಿನಲ್ಲಿ ಕಾಣುವುದು ಹೆಚ್ಚಾಗಿ ಮೊದಲನೆಯದು ಮಾತ್ರ.

ಜೇಬು ಹೊಲಿಯುವ ಕೆಲಸವನ್ನೇ ತೆಗೆದುಕೊಳ್ಳಿ. ಮೊದಲು ವಿಧಾನ ಸರಿಮಾಡಿ, ಆಮೇಲೆ ಅಳೆಯಿರಿ. ಕತ್ತರಿಸಿದ ಪೀಸುಗಳ ಕಟ್ಟು (ಬಂಡಲ್) ನೆಲದ ಮೇಲಿದ್ದರೆ ಪ್ರತಿ ಪೀಸಿಗೂ ಬಗ್ಗಬೇಕು. ಹಾಗೇ ಅಳೆದರೆ ಬಗ್ಗುವುದೂ ಟಾರ್ಗೆಟ್‌ನೊಳಗೆ ಕೂರುತ್ತದೆ. ಅಮೆರಿಕದ ಕಟ್ಟಡ ಗುತ್ತಿಗೆದಾರ ಫ್ರ್ಯಾಂಕ್ ಗಿಲ್‌ಬ್ರೆತ್ ಇಟ್ಟಿಗೆಯನ್ನು ಗಾರೆಯವನ ಕೈಮಟ್ಟಕ್ಕೆ ಏರಿಸುವ ಅಟ್ಟಣೆ ಮಾಡಿಸಿ, ಒಂದು ಇಟ್ಟಿಗೆಗೆ 18 ಇದ್ದ ಚಲನೆಗಳನ್ನು ಸುಮಾರು 5ಕ್ಕೆ ಇಳಿಸಿದ್ದು ಹೀಗೆಯೇ.

ಗಡಿಯಾರ ಬಚ್ಚಿಡಬೇಡಿ. ಏನು ಅಳೆಯುತ್ತೀರಿ, ಏಕೆ ಎಂದು ಆಪರೇಟರ್‌ಗೆ ಮೊದಲೇ ಹೇಳಿ. 1911ರ ಆಗಸ್ಟ್‌ನಲ್ಲಿ ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದ ಎರಕದ ಅಚ್ಚು ಮಾಡುವ ಕೆಲಸಗಾರರು ಕೆಲಸ ಬಿಟ್ಟು ಹೊರನಡೆದದ್ದು ಸ್ಟಾಪ್‌ವಾಚ್ ಕಂಡೇ.

ಕೆಲಸವನ್ನು ಎತ್ತಿಕೊಳ್ಳುವುದು, ಜೋಡಿಸುವುದು, ಹೊಲಿಯುವುದು, ದಾರ ಕತ್ತರಿಸಿ ಪಕ್ಕಕ್ಕಿಡುವುದು ಎಂದು ಒಡೆಯಿರಿ. ತುಣುಕಿನ ಗಡಿ ಕಿವಿಗೆ ಕೇಳುವಂತಿದ್ದರೆ ಒಳ್ಳೆಯದು: ಮೋಟರ್ ಸದ್ದು ನಿಂತರೆ ಹೊಲಿಗೆ ಮುಗಿಯಿತು. ಒಂದು ನಿಮಿಷದ ಕೆಲಸವಾದರೆ 30 ಸುತ್ತಾದರೂ ಅಳೆಯಿರಿ. ದಾರ ಹರಿದ ಸುತ್ತನ್ನು ಅಳಿಸಬೇಡಿ, ಕಾರಣ ಬರೆದು ಬೇರೆ ಇಡಿ.

ಈಗ ಲೆಕ್ಕ. ಸರಾಸರಿ 46.2 ಸೆಕೆಂಡ್, ಅಂದರೆ 0.77 ನಿಮಿಷ ಬಂತೆನ್ನಿ. 20 ಪೀಸಿನ ಬಂಡಲ್ ಬಿಚ್ಚಲು 0.60 ನಿಮಿಷ, ಪೀಸಿಗೆ 0.03. ಒಟ್ಟು 0.80. ಆಪರೇಟರ್ ಸಾಮಾನ್ಯಕ್ಕಿಂತ ಚುರುಕು, ಸಾಮಾನ್ಯ ವೇಗ 100 ಎಂದಿಟ್ಟರೆ ಅವಳ ರೇಟಿಂಗ್ 110: 0.80 × 1.10 = 0.88. ದಣಿವು, ನೀರು, ಶೌಚಾಲಯಕ್ಕೆಂದು 12.5% ಹೆಚ್ಚುವರಿ ಹೊತ್ತು (ಅಲೋವೆನ್ಸ್) ಸೇರಿಸಿದರೆ 0.99 ನಿಮಿಷ. ಗಂಟೆಗೆ 60 ಪೀಸ್.

ಎಡವುವುದು ಈ ಕೊನೆಯ ಎರಡು ಮೆಟ್ಟಿಲಲ್ಲಿ. ಅಲೋವೆನ್ಸ್ ಬಿಟ್ಟರೆ 68, ರೇಟಿಂಗನ್ನೂ ಬಿಟ್ಟರೆ 75. ಲೈನಿನ ಅತಿ ಚುರುಕಿನವಳನ್ನು ಅಳೆದು ಅದನ್ನೇ ಎಲ್ಲರ ತಲೆಗೆ ಕಟ್ಟುವುದೆಂದರೆ ಇದೇ. ಕಾಗದದ ಮೇಲೆ ಉತ್ಪಾದನೆ ಏರುತ್ತದೆ, ಸಂಜೆಗೆ ಆಲ್ಟರೇಷನ್ (ತಪ್ಪಾಗಿ ಮತ್ತೆ ಸರಿಮಾಡಬೇಕಾದ ಪೀಸು) ರಾಶಿಯೂ ಏರುತ್ತದೆ. ಟೇಲರ್ ಸ್ವತಃ ಅಲೋವೆನ್ಸ್ ಬಿಟ್ಟವನಲ್ಲ: ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ 92 ಪೌಂಡಿನ ಕಬ್ಬಿಣದ ಗಟ್ಟಿ ಹೊರುವವನ ಮೈಮೇಲೆ ದಿನದ 43% ಹೊತ್ತು ಮಾತ್ರ ಭಾರವಿರಬೇಕು ಎಂಬುದು ಅವನದೇ ಲೆಕ್ಕ.

ಹಾಳೆಯ ಮೇಲೆ ತಾರೀಖು, ಮಷಿನ್ ನಂಬರ್, ಬಟ್ಟೆಯ ಬಗೆ ಬರೆಯಿರಿ. ಇವುಗಳಲ್ಲಿ ಮಷಿನ್ ಅಥವಾ ಬಟ್ಟೆ ಬದಲಾದ ದಿನ ಹಳೆಯ 0.99 ರದ್ದು, ಮತ್ತೆ ಅಳೆಯಬೇಕು.