ಎರಡು ಲೈಟ್ ಬೋರ್ಡ್, ಒಂದೇ ‘ಗೋ’ ಬಟನ್

ನಾವು ಮಾಡುತ್ತಿದ್ದ ನಾಟಕಕ್ಕೆ ಎರಡು ಲೈಟ್ ಬೋರ್ಡ್ (ರಂಗದ ದೀಪಗಳನ್ನು ನಡೆಸುವ ಯಂತ್ರ) ಬೇಕಾದವು. ರಂಗಮಂದಿರದಲ್ಲಿ ಮೊದಲಿಂದ ಇದ್ದ ಬೋರ್ಡ್ ಡಿಮ್ಮರ್‌ಗಳನ್ನು (ದೀಪದ ಬೆಳಕನ್ನು ಏರಿಸಿ ಇಳಿಸುವ ಸಾಧನಗಳು) ಚೆನ್ನಾಗಿಯೇ ನಡೆಸುತ್ತಿತ್ತು. ಆದರೆ ಮೂವಿಂಗ್ ಹೆಡ್‌ಗಳ, ಅಂದರೆ ಬೋರ್ಡ್ ಹೇಳಿದತ್ತ ತಿರುಗುವ ದೀಪಗಳ, ವಿಷಯಕ್ಕೆ ಬಂದರೆ ಅದು ತೀರಾ ಹಳೆಯ ಕಾಲದ್ದು. ಹಾಗಾಗಿ ಹೆಡ್‌ಗಳಿಗೆಂದೇ ಇನ್ನೊಂದು ಹೊಸ ಬೋರ್ಡ್ ಬಂತು. ಎರಡನ್ನೂ ಒಬ್ಬನೇ ಆಪರೇಟರ್ ನಡೆಸಬೇಕು, ಒಂದೇ ‘ಗೋ’ ಒತ್ತಿದರೆ ಎರಡೂ ಮುಂದಿನ ಕ್ಯೂಗೆ (ಮೊದಲೇ ಬರೆದಿಟ್ಟ ಬೆಳಕಿನ ಬದಲಾವಣೆಗೆ) ಒಟ್ಟಿಗೆ ಹೊರಡಬೇಕು. ಇದು ನನಗೆ ಸಿಕ್ಕ ಕೆಲಸ.

ಮೊದಲು ಮಾಡಿದ್ದು ಒಂದು ಹಾಳೆ. ಯಾವ ದೀಪ ಯಾವ ಬೋರ್ಡಿಗೆ ಸೇರಿದ್ದು ಅಂತ ಒಂದೊಂದನ್ನೂ ಬರೆದೆ. ಒಂದು ದೀಪಕ್ಕೆ ಒಬ್ಬನೇ ಯಜಮಾನ, ಇದರಲ್ಲಿ ರಾಜಿಯೇ ಇಲ್ಲ. ಬೋರ್ಡ್ ದೀಪಗಳಿಗೆ ಆಜ್ಞೆ ಕಳಿಸುವ ಭಾಷೆ ಡಿಎಂಎಕ್ಸ್, ಅದು ಹುಟ್ಟಿದ್ದು 1986ರಲ್ಲಿ. ಒಂದು ಲೈನಿನಲ್ಲಿ ಮಾತಾಡುವವರು ಒಬ್ಬರೇ, ಮಿಕ್ಕವರೆಲ್ಲ ಕೇಳುವವರು ಅನ್ನುವುದೇ ಅದರ ಲೆಕ್ಕ. ಎರಡು ಬೋರ್ಡಿನ ಔಟ್‌ಪುಟ್ಟನ್ನು ವೈ ಕೇಬಲ್ ಹಾಕಿ ಸುಮ್ನೆ ಒಂದೇ ಲೈನಿಗೆ ಸೇರಿಸಿದರೆ ದೀಪಗಳು ಹುಚ್ಚೆದ್ದು ಮಿನುಗುತ್ತವೆ.

ಅದಕ್ಕೆ ಎರಡು ಸಿಗ್ನಲ್ ಸೇರಿಸುವ ಮರ್ಜರ್ ಪೆಟ್ಟಿಗೆ ಸಿಗುತ್ತದಲ್ಲ ಅಂತ ಕೇಳಬಹುದು. ಸಿಗುತ್ತದೆ. ಆದರೆ ಸಾಮಾನ್ಯವಾಗಿ ಅದು ಹೆಚ್ಚಿನ ಬೆಲೆ ಯಾವುದೋ ಅದನ್ನೇ ಮುಂದೆ ಕಳಿಸುತ್ತದೆ. ಬರೀ ಬೆಳಕಿನ ಮಟ್ಟಕ್ಕಾದರೆ ಇದು ಸರಿ: ಒಬ್ಬ 40 ಕೊಟ್ಟ, ಇನ್ನೊಬ್ಬ 70 ಕೊಟ್ಟ, 70 ಗೆಲ್ಲುತ್ತದೆ. ಹೆಡ್‌ನ ಪ್ಯಾನ್ ಚಾನೆಲ್ಲಿಗೆ (ಅದನ್ನು ಎಡಬಲಕ್ಕೆ ತಿರುಗಿಸುವ ಅಂಕಿಗೆ) ಇದೇ ನಿಯಮ ಹಾಕಿ ನೋಡಿ. ಒಂದು ಬೋರ್ಡ್ 60 ಅನ್ನುತ್ತದೆ, ಇನ್ನೊಂದು 180. ಹೆಡ್ ಯಾವಾಗಲೂ 180ರ ಕಡೆಗೇ ತಿರುಗಿ ನಿಲ್ಲುತ್ತದೆ, ನಟ ಇತ್ತ ಕತ್ತಲಲ್ಲಿ. ಪ್ಯಾನ್ 16 ಬಿಟ್ಟಿನದಾದರೆ ಕೋರ್ಸ್ (ದೊಡ್ಡ ಹೆಜ್ಜೆ) ಮತ್ತು ಫೈನ್ (ಸಣ್ಣ ಹೆಜ್ಜೆ) ಎರಡು ಚಾನೆಲ್. ಅವೆರಡಕ್ಕೂ ಬೇರೆ ಬೇರೆ ಗೆಲುವು ಬಂದರೆ ಹೆಡ್ ಯಾರೂ ಹೇಳದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಹಾಗಾಗಿ ಮರ್ಜರ್ ನನ್ನ ಪಟ್ಟಿಯಿಂದ ಹೊರಗೆ.

ಎರಡೂ ಒಂದೇ ಕಂಪನಿಯ, ಒಂದೇ ಸಾಫ್ಟ್‌ವೇರ್ ವರ್ಷನ್‌ನ ಬೋರ್ಡುಗಳಾಗಿದ್ದರೆ ನೆಟ್‌ವರ್ಕಿನಲ್ಲಿ ಒಂದೇ ಶೋ ಫೈಲ್ ಹಂಚಿಕೊಂಡು ಕೆಲಸ ಮಾಡಬಹುದಿತ್ತು. ಅದು ಎಲ್ಲಕ್ಕಿಂತ ಸುಖ. ನಮ್ಮವು ಬೇರೆ ಬೇರೆ ಜಾತಿ. ಉಳಿದದ್ದು ಮಿಡಿ ಶೋ ಕಂಟ್ರೋಲ್, ಅಂದರೆ ಮಿಡಿ ಕೇಬಲ್ ಮೂಲಕ ಒಂದು ಯಂತ್ರ ಇನ್ನೊಂದಕ್ಕೆ ‘ಹೊರಡು’ ಅಂತ ಹೇಳುವ ಪದ್ಧತಿ. ಹಳೆಯದು, 1991ರದ್ದು, ಆದರೂ ಎರಡು ಅಪರಿಚಿತ ಬೋರ್ಡುಗಳ ನಡುವೆ ಮಾತುಕತೆಗೆ ಇವತ್ತಿಗೂ ನನ್ನ ಮೊದಲ ಆಯ್ಕೆ ಅದೇ. ಡಿಮ್ಮರ್ ಬೋರ್ಡ್ ಹೇಳುವವನು, ಹೆಡ್ ಬೋರ್ಡ್ ಕೇಳುವವನು. ಕೇಳುವ ಬೋರ್ಡಿನ ಮೆನುವಿನಲ್ಲಿ ಶೋ ಕಂಟ್ರೋಲ್ ರಿಸೀವ್ ಆನ್ ಮಾಡಬೇಕು, ಎರಡಕ್ಕೂ ಡಿವೈಸ್ ಐಡಿ ಒಂದೇ ಕೊಡಬೇಕು. 127 ಅಂದರೆ ‘ಎಲ್ಲರೂ ಕೇಳಿ’ ಅಂತ. ನಾನು ಅದನ್ನು ಬಳಸಲಿಲ್ಲ. ನಾಳೆ ಸೌಂಡಿನವರೂ ಅದೇ ದಾರಕ್ಕೆ ಬಂದು ಸೇರಿಕೊಂಡರೆ ಯಾಕೆ ತಲೆನೋವು, ಅಲ್ವಾ? ಇನ್ನು ಮಿಡಿ ಕೇಬಲ್‌ಗೆ 15 ಮೀಟರ್ ಮಿತಿ ಇದೆ. ಎರಡೂ ಬೋರ್ಡ್ ಒಂದೇ ಮೇಜಿನ ಮೇಲಿದ್ದರೆ ಅದರ ಚಿಂತೆ ಇಲ್ಲ.

ಇನ್ನು ಪ್ರೋಗ್ರಾಮಿಂಗ್. ನಿಜವಾದ ಕೆಲಸ ಇರುವುದೇ ಇಲ್ಲಿ.

ಹೆಡ್ ಬೋರ್ಡಿನಲ್ಲಿ ಒಂದೇ ಒಂದು ಕ್ಯೂವಿಗೂ ನೇರ ಅಂಕಿ ಹಾಕಲಿಲ್ಲ. ‘ಬಾಗಿಲು’, ‘ಕುರ್ಚಿ’, ‘ಮಧ್ಯ ಮುಂದೆ’ ಅಂತ ಪೊಸಿಷನ್ ಪ್ರೀಸೆಟ್ (ಹೆಸರಿಟ್ಟು ಉಳಿಸಿದ ಜಾಗ) ಮಾಡಿಕೊಂಡು, ಕ್ಯೂಗಳಲ್ಲೆಲ್ಲ ಅವನ್ನೇ ಕರೆದೆ. ಬಣ್ಣಕ್ಕೂ ಹಾಗೇ. ನಿರ್ದೇಶಕರು ಕುರ್ಚಿಯನ್ನು ಎರಡಡಿ ಸರಿಸಿದರೆ ಒಂದು ಪ್ರೀಸೆಟ್ ತಿದ್ದಿದರೆ ಸಾಕು, ಅದು ಬಳಕೆಯಾದ ಎಲ್ಲ ಕ್ಯೂಗಳೂ ತಾನಾಗಿ ಸರಿಹೋಗುತ್ತವೆ. ನಿರ್ದೇಶಕರು ಕುರ್ಚಿ ಸರಿಸೇ ಸರಿಸುತ್ತಾರೆ.

ಕ್ಯೂ ನಂಬರ್ ಎರಡೂ ಕಡೆ ಒಂದೇ ಇಟ್ಟೆ. ‘ಗೋ’ ಸಂದೇಶದ ಜೊತೆ ಕ್ಯೂ ನಂಬರೂ ಹೋಗುತ್ತದೆ. ಡಿಮ್ಮರ್ ಬೋರ್ಡಿನಲ್ಲಿ 23 ಇದ್ದು ಹೆಡ್ ಬೋರ್ಡಿನಲ್ಲಿ 23 ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಬೋರ್ಡಿಂದ ಬೋರ್ಡಿಗೆ ಬೇರೆ. ಆ ಅದೃಷ್ಟದ ಆಟವೇ ಬೇಡ ಅಂತ, ಹೆಡ್‌ಗಳಿಗೆ ಏನೂ ಕೆಲಸ ಇಲ್ಲದ ಕಡೆಯೂ ಏನನ್ನೂ ಬದಲಿಸದ ಕ್ಯೂ ಒಂದನ್ನು ಆ ನಂಬರಿಗೆ ಬರೆದಿಟ್ಟೆ.

ಜನ ಮರೆಯುವ ವಿಷಯ ಒಂದಿದೆ. ‘ಗೋ’ ಸಂದೇಶದಲ್ಲಿ ಹೋಗುವುದು ಹೊರಡು ಅನ್ನುವ ಮಾತು ಮಾತ್ರ. ಫೇಡ್ ಸಮಯ, ಅಂದರೆ ಬೆಳಕು ಬದಲಾಗಲು ಹಿಡಿಯುವ ಹೊತ್ತು, ಹೋಗುವುದಿಲ್ಲ. ಅದನ್ನು ಎರಡೂ ಬೋರ್ಡಿನಲ್ಲಿ ಬೇರೆ ಬೇರೆಯಾಗಿ ಹಾಕಬೇಕು. ಡಿಮ್ಮರ್ 8 ಸೆಕೆಂಡಿನಲ್ಲಿ ನಿಧಾನ ಇಳಿಯುತ್ತಿರುವಾಗ ಹೆಡ್‌ಗಳು 3 ಸೆಕೆಂಡಿನಲ್ಲೇ ಆರಿದರೆ ಸಂಜೆಯ ದೃಶ್ಯ ಕರೆಂಟ್ ಹೋದ ಹಾಗೆ ಕಾಣುತ್ತದೆ. ಆಟೋ ಫಾಲೋ ವಿಷಯದಲ್ಲಿ ಮಾತ್ರ ಇದಕ್ಕೆ ತದ್ವಿರುದ್ಧ. 14 ಮುಗಿದ ಮೇಲೆ 15 ತಾನಾಗಿ ಹೊರಡುವ ಹಾಗಿದ್ದರೆ ಆ ಫಾಲೋ ಹೇಳುವ ಬೋರ್ಡಿನಲ್ಲಿ ಮಾತ್ರ ಇರಬೇಕು. ಎರಡೂ ಕಡೆ ಹಾಕಿದರೆ ಕೇಳುವ ಬೋರ್ಡ್ 15ನ್ನು ಎರಡು ಸಲ ಹೊರಡಿಸುತ್ತದೆ, ಫೇಡ್ ನಡುವೆ ಮುಗ್ಗರಿಸುತ್ತದೆ.

ಹೆಡ್‌ಗಳು ಉರಿಯುತ್ತಾ ಜಾಗ ಬದಲಿಸಿದರೆ ಪ್ರೇಕ್ಷಕರ ಕಣ್ಣು ಅತ್ತಲೇ ಹೋಗುತ್ತದೆ. ಅದಕ್ಕೇ ಕತ್ತಲಲ್ಲೇ ಮುಂದಿನ ಜಾಗಕ್ಕೆ ಸರಿದು ಕಾಯುವ ಸೌಲಭ್ಯ ಬೋರ್ಡಿನಲ್ಲಿರುತ್ತದೆ, ಅದನ್ನು ಆನ್ ಮಾಡಿದೆ. ಎರಡು ಕ್ಯೂ ತೀರಾ ಹತ್ತಿರ ಹತ್ತಿರ ಬಂದರೆ ಹೆಡ್‌ಗೆ ಸರಿಯಲು ಸಮಯವೇ ಸಿಗುವುದಿಲ್ಲ. ಅಂಥ ಕಡೆ ಬೇರೊಂದು ಹೆಡ್ಡಿಗೆ ಕೆಲಸ ಕೊಟ್ಟೆ. ಬೋರ್ಡಿನ ಜೊತೆ ಜಗಳಕ್ಕೆ ನಿಲ್ಲುವುದಕ್ಕಿಂತ ಇದು ವಾಸಿ.

ವೈರಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮ್ಮ ಹೆಡ್ ಒಂದಕ್ಕೆ 24 ಚಾನೆಲ್. ಒಂದು ಯೂನಿವರ್ಸ್ (ಒಂದು ಡಿಎಂಎಕ್ಸ್ ಲೈನ್) ಅಂದರೆ 512 ಚಾನೆಲ್, ಅದರಲ್ಲಿ 21 ಹೆಡ್ ಮಾತ್ರ ಹಿಡಿಸುತ್ತವೆ. ಲೈನಿನ ಕೊನೆಯಲ್ಲಿ 120 ಓಮ್‌ನ ಟರ್ಮಿನೇಟರ್ (ಸಿಗ್ನಲ್ ವಾಪಸ್ ಪುಟಿಯದಂತೆ ತಡೆಯುವ ರೆಸಿಸ್ಟರ್) ಇರಲೇಬೇಕು. ಅದಿಲ್ಲದೆ ನಡೆಯುತ್ತಿದೆ ಅಂದರೆ ಇವತ್ತು ನಡೆಯುತ್ತಿದೆ, ಅಷ್ಟೇ.

ಕೊನೆಗೆ ಬ್ಯಾಕಪ್. ಹೆಡ್ ಬೋರ್ಡಿನ ಜೊತೆಗೆ ಅದರದೇ ಸಾಫ್ಟ್‌ವೇರ್ ಇದ್ದ ಕಂಪ್ಯೂಟರ್ ಇಟ್ಟೆವು. ಎರಡೂ ಎಸ್‌ಎಸಿಎನ್, ಅಂದರೆ ನೆಟ್‌ವರ್ಕಿನ ಮೂಲಕ ಹೋಗುವ ಡಿಎಂಎಕ್ಸ್ ಮಾಹಿತಿ, ಕಳಿಸುತ್ತವೆ. ಇದರಲ್ಲಿ ಪ್ರಯಾರಿಟಿ 0ರಿಂದ 200ರವರೆಗೆ ಕೊಡಬಹುದು, ಏನೂ ಕೊಡದಿದ್ದರೆ 100. ಬೋರ್ಡಿಗೆ 100 ಬಿಟ್ಟು ಕಂಪ್ಯೂಟರಿಗೆ 90 ಕೊಟ್ಟೆ. ನೋಡ್, ಅಂದರೆ ನೆಟ್‌ವರ್ಕಿನ ಮಾಹಿತಿಯನ್ನು ಡಿಎಂಎಕ್ಸ್ ಲೈನಿಗೆ ಇಳಿಸುವ ಪೆಟ್ಟಿಗೆ, ಪ್ರಯಾರಿಟಿ ಜಾಸ್ತಿ ಇದ್ದವನ ಮಾತು ಕೇಳುತ್ತದೆ. ಅವನು ಸುಮ್ಮನಾದರೆ ಎರಡೂವರೆ ಸೆಕೆಂಡ್ ಕಾದು ಇನ್ನೊಬ್ಬನ ಕಡೆ ತಿರುಗುತ್ತದೆ. ಮಿಡಿಯನ್ನು ಥ್ರೂ ಪೆಟ್ಟಿಗೆಯಿಂದ (ಒಂದೇ ಸಿಗ್ನಲ್ಲನ್ನು ಹಲವರಿಗೆ ಹಂಚುವಂಥದ್ದು) ಇಬ್ಬರಿಗೂ ಕೊಟ್ಟಿದ್ದರಿಂದ ಕಂಪ್ಯೂಟರೂ ಅದೇ ಕ್ಯೂವಿನಲ್ಲಿರುತ್ತದೆ. ಒಂದು ನೋಡ್ ಆರ್ಟ್‌ನೆಟ್ (ಎಸ್‌ಎಸಿಎನ್ ಥರದ್ದೇ ಇನ್ನೊಂದು ಪದ್ಧತಿ) ಮಾತ್ರ ಬಲ್ಲದ್ದು ಇತ್ತು, ಅದನ್ನು ಬ್ಯಾಕಪ್ಪಿನಿಂದ ಹೊರಗಿಟ್ಟು ಬೋರ್ಡಿನಿಂದಲೇ ನೇರ ನಡೆಸಿದೆವು. ಆರ್ಟ್‌ನೆಟ್‌ನಲ್ಲಿ ಯೂನಿವರ್ಸ್ ಎಣಿಕೆ 0ಯಿಂದ, ಎಸ್‌ಎಸಿಎನ್‌ನಲ್ಲಿ 1ರಿಂದ ಅನ್ನುವುದನ್ನು ಹಾಳೆಯ ಮೇಲೆ ಕೆಂಪಕ್ಷರದಲ್ಲಿ ಬರೆದು ಅಂಟಿಸಿದೆ.

ಈ ಬ್ಯಾಕಪ್ಪನ್ನು ರಿಹರ್ಸಲ್‌ನಲ್ಲೇ ಪರೀಕ್ಷೆ ಮಾಡಬೇಕು, ಅದೂ ಎರಡು ಥರ. ಫೇಡ್ ನಡೆಯುತ್ತಿರುವಾಗ ಬೋರ್ಡಿನ ನೆಟ್‌ವರ್ಕ್ ಕೇಬಲ್ ಎಳೆದು ನೋಡಿ. ಆಮೇಲೆ ಕೇಬಲ್ ಹಾಕಿ, ಬೋರ್ಡನ್ನು ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಎರಡನೆಯದು ಹೆಚ್ಚು ಅಪಾಯದ್ದು. ಯಾಕಂದರೆ ಬೋರ್ಡ್ ಎದ್ದ ಕೂಡಲೇ ಯಾವ ಕ್ಯೂವೂ ಇಲ್ಲದ ಸ್ಥಿತಿಯನ್ನೇ 100ರ ಪ್ರಯಾರಿಟಿಯಲ್ಲಿ ಕಳಿಸಿದರೆ, ಸರಿಯಾಗಿ ನಡೆಯುತ್ತಿದ್ದ ಕಂಪ್ಯೂಟರನ್ನು ಪಕ್ಕಕ್ಕೆ ತಳ್ಳಿ ರಂಗವನ್ನು ಕತ್ತಲು ಮಾಡುತ್ತದೆ. ನಮ್ಮಲ್ಲಿ ನಿಯಮ ಹೀಗಿತ್ತು: ಪ್ರದರ್ಶನದ ನಡುವೆ ಬೋರ್ಡ್ ಬಿದ್ದರೆ ಅದರ ನೆಟ್‌ವರ್ಕ್ ಕೇಬಲ್ ಕಿತ್ತು, ಆ ಅಂಕ ಮುಗಿಯುವವರೆಗೂ ಮತ್ತೆ ಚುಚ್ಚುವಂತಿಲ್ಲ.