ಫ್ಲಾರಿಡಾದಲ್ಲಿ ಅಲ್ಯೂಮಿನಿಯಂ ಕಾಂಟ್ರಾಕ್ಟರ್ ಪರೀಕ್ಷೆಗೆ ನಾನು ಓದಿದ ರೀತಿ

ಫ್ಲಾರಿಡಾದಲ್ಲಿ ಮನೆ ಹಿಂದಿನ ಈಜುಕೊಳದ ಸುತ್ತ ಅಲ್ಯೂಮಿನಿಯಂ ಚೌಕಟ್ಟು ನಿಲ್ಲಿಸಿ, ಜಾಲರಿ ಹಾಕಿ ಮುಚ್ಚುತ್ತಾರೆ. ಇಲ್ಲಿನವರು ಅದನ್ನು ಪೂಲ್ ಕೇಜ್ ಅನ್ನುತ್ತಾರೆ. ನಾನು ಬೇರೆಯವರ ಹತ್ತಿರ ಇದೇ ಕೆಲಸ ಮಾಡುತ್ತಿದ್ದೆ. ಸ್ವಂತಕ್ಕೆ ಕೆಲಸ ಹಿಡಿಯಬೇಕೆಂದರೆ ಲೈಸೆನ್ಸ್ ಬೇಕು, ಅದಕ್ಕೆ ಪರೀಕ್ಷೆ ಬರೆಯಬೇಕು.

ಪುಸ್ತಕ ನೋಡಿಕೊಂಡೇ ಬರೆಯುವ ಪರೀಕ್ಷೆ. ಕೇಳೋಕೆ ಸುಲಭ, ಅಲ್ವಾ? ಕಷ್ಟ ಇರುವುದು ಹುಡುಕುವುದರಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ಬಾಯಿಪಾಠ ಇಲ್ಲಿ ಉಪಯೋಗಕ್ಕಿಲ್ಲ. ಯಾವ ಉತ್ತರ ಯಾವ ಪುಟದಲ್ಲಿದೆ ಅನ್ನುವುದು ಕೈಗೆ ಅಭ್ಯಾಸವಾಗಬೇಕು. ಹಾಗಾಗಿ ಓದುವುದಕ್ಕೆ ಮೊದಲು ಪುಸ್ತಕಗಳಿಗೆ ಟ್ಯಾಬ್, ಅಂದರೆ ಪುಟದ ಅಂಚಿನಿಂದ ಹೊರಗೆ ಕಾಣುವ ಗುರುತಿನ ಪಟ್ಟಿ ಅಂಟಿಸಿದೆ. ಕಿತ್ತು ಬರುವ ಚೀಟಿಗೆ ಅವಕಾಶವಿರಲಿಲ್ಲ, ಗಟ್ಟಿಯಾಗಿ ಅಂಟಿರಬೇಕಿತ್ತು. ಸಾಲುಗಳಿಗೆ ಬಣ್ಣ ಹಚ್ಚಬಹುದಿತ್ತು, ಪಕ್ಕದಲ್ಲಿ ಏನೂ ಬರೆಯುವಂತಿರಲಿಲ್ಲ. ಟ್ಯಾಬ್ ಜಾಸ್ತಿ ಆದರೂ ತೊಂದರೆಯೇ, ಕಣ್ಣು ಎಲ್ಲೂ ನಿಲ್ಲುವುದಿಲ್ಲ.

ನನ್ನ ಸಮಯವೆಲ್ಲ ಹೋಗಿದ್ದು ಯಾವ ಕಂಬ ಎಷ್ಟು ಎತ್ತರಕ್ಕೆ ಆಗುತ್ತದೆ ಅಂತ ಹೇಳುವ ಕೋಷ್ಟಕಗಳಿಗೆ. ಫ್ಲಾರಿಡಾ ಬಿಲ್ಡಿಂಗ್ ಕೋಡ್‌ನ 20ನೇ ಅಧ್ಯಾಯ ಪೂರ್ತಿ ಅಲ್ಯೂಮಿನಿಯಂ ಬಗ್ಗೆಯೇ. 1992ರ ಆಂಡ್ರೂ ಚಂಡಮಾರುತ ಕಂಡ ರಾಜ್ಯ ಇದು, ಗಾಳಿ ಲೆಕ್ಕ ಬಿಟ್ಟು ಇಲ್ಲಿ ಕಂಬ ನಿಲ್ಲಿಸುವ ಹಾಗಿಲ್ಲ. ಒಂದು ಕಂಬದ ಎಡಕ್ಕೆ 7 ಅಡಿ, ಬಲಕ್ಕೆ 5 ಅಡಿ ದೂರದಲ್ಲಿ ಬೇರೆ ಕಂಬಗಳಿವೆ ಅಂದುಕೊಳ್ಳಿ. ಎರಡೂ ಕಡೆಯಿಂದ ಅರ್ಧರ್ಧ ಹೊರೆ ಬರುತ್ತದೆ, ಅಂದರೆ 6 ಅಡಿ ಅಗಲದ ಗಾಳಿಯನ್ನು ಆ ಕಂಬ ತಡೆಯಬೇಕು. ಇಷ್ಟು ಮನಸ್ಸಲ್ಲೇ ಆಗುತ್ತದೆ. ಆಮೇಲೆ ಗಾಳಿಯ ವೇಗ, ಎಕ್ಸ್‌ಪೋಷರ್ ನೋಡಿ ಸರಿಯಾದ ಕೋಷ್ಟಕ ತೆಗೆಯಬೇಕು. ಎಕ್ಸ್‌ಪೋಷರ್ ಅಂದರೆ ಜಾಗ ಗಾಳಿಗೆ ಎಷ್ಟು ತೆರೆದಿದೆ ಅನ್ನುವುದು: ಮರ, ಮನೆ ಒತ್ತಾಗಿರುವ ಜಾಗ ಬಿ, ಬಯಲು ಸಿ. ಪ್ರಶ್ನೆಯಲ್ಲಿ ಈ ಅಕ್ಷರ ಎಲ್ಲೋ ಮೂಲೆಯಲ್ಲಿರುತ್ತದೆ. ನಾನು ಮೊದಲು ಅದಕ್ಕೇ ಗೆರೆ ಎಳೆಯುತ್ತಿದ್ದೆ.

ಸೆಕ್ಷನ್‌ಗಳ, ಅಂದರೆ ಚೌಕಟ್ಟಿಗೆ ಬಳಸುವ ಅಲ್ಯೂಮಿನಿಯಂ ಕೊಳವೆ, ಪಟ್ಟಿಗಳ ಬಗ್ಗೆ ಕೆಲಸದಲ್ಲಿದ್ದವರಿಗೆ ಅರ್ಧ ಗೊತ್ತೇ ಇರುತ್ತದೆ. ಆದರೆ 6063-ಟಿ6 ಮತ್ತು 6061-ಟಿ6 ಅನ್ನುವ ಎರಡು ಬಗೆಯ ಅಲ್ಯೂಮಿನಿಯಂ ನೋಡಲು ಒಂದೇ, ಬಲದಲ್ಲಿ ಎರಡನೆಯದು ಜಾಸ್ತಿ. ಒಂದಕ್ಕೆ ಬರೆದ ಕೋಷ್ಟಕ ಇನ್ನೊಂದಕ್ಕೆ ಆಗುವುದಿಲ್ಲ. ಕಾಂಕ್ರೀಟ್‌ಗೆ ತಾಗುವ ಕಡೆ ಅಲ್ಯೂಮಿನಿಯಂಗೆ ಯಾಕೆ ಲೇಪನ ಬೇಕು, ಬೇರೆ ಲೋಹದ ಸ್ಕ್ರೂ ಹಾಕಿದರೆ ಅಲ್ಯೂಮಿನಿಯಂ ಯಾಕೆ ಸವೆದುಹೋಗುತ್ತದೆ, ಇವೂ ಓದಬೇಕಾದ ವಿಷಯವೇ. ಈಜುಕೊಳದ ಸುತ್ತಲಿನ ತಡೆಬೇಲಿ ಕನಿಷ್ಠ 48 ಇಂಚು ಎತ್ತರ, ಗೇಟು ತಾನೇ ಮುಚ್ಚಿಕೊಂಡು ತಾನೇ ಚಿಲಕ ಹಾಕಿಕೊಳ್ಳಬೇಕು. ಮಕ್ಕಳು ಬೀಳಬಾರದಲ್ಲ, ಅದಕ್ಕೆ.

ವ್ಯವಹಾರ ಮತ್ತು ಕಾನೂನಿನ ಪತ್ರಿಕೆ ಬೇರೆಯೇ ಇತ್ತು. ಸೈಟಿನಲ್ಲಿ ಬೆಳೆದ ನಮ್ಮಂಥವರು ಅದನ್ನು ಸುಮ್ನೆ ಕಡೆಗಣಿಸುತ್ತೇವೆ. ಅಲ್ಲಿ ದಿನಗಳ ಲೆಕ್ಕವೇ ಹೆಚ್ಚು. ಮನೆ ಮಾಲೀಕರಿಂದ ಕಾಂಟ್ರಾಕ್ಟ್ ಮೊತ್ತದ 10 ಪರ್ಸೆಂಟ್‌ಗಿಂತ ಜಾಸ್ತಿ ಮುಂಗಡ ತೆಗೆದುಕೊಂಡರೆ 30 ದಿನದೊಳಗೆ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ದುಡ್ಡು ಬರದಿದ್ದರೆ ಆಸ್ತಿ ಮೇಲೆ ಲೀನ್ (ಬಾಕಿಗಾಗಿ ಆಸ್ತಿಯ ಮೇಲಿನ ಕಾನೂನು ಹಕ್ಕು) ಹಾಕಲು ಕೊನೆಯ ಕೆಲಸವಾದ ಮೇಲೆ 90 ದಿನ ಮಾತ್ರ. ಇಂಥ ಅಂಕಿಗಳಿಗಷ್ಟೇ ಹಳದಿ ಬಣ್ಣ ಹಚ್ಚಿದ್ದೆ, ಪುಟ ತೆಗೆದ ಕೂಡಲೇ ಸಿಗುತ್ತಿದ್ದವು.

ಪುಸ್ತಕ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಮೊದಲು ಈ ಲೈಸೆನ್ಸ್ ಕೌಂಟಿಗಳ (ನಮ್ಮ ಜಿಲ್ಲೆಗಳಿದ್ದ ಹಾಗೆ) ಕೈಯಲ್ಲಿತ್ತು, 2021ರ ಕಾನೂನು ಅದನ್ನು ಮೊಟಕು ಮಾಡಿತು. ಆಮೇಲೆ 2023ರ ಕಾನೂನಿನಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಕೆಲಸಕ್ಕೆ ರಾಜ್ಯಮಟ್ಟದ ಲೈಸೆನ್ಸ್ ಸೇರಿತು. ನೀವು ಬರೆಯುವ ಪರೀಕ್ಷೆಯ ಪುಸ್ತಕಪಟ್ಟಿ, ಅದರಲ್ಲೂ ಎಷ್ಟನೇ ಆವೃತ್ತಿ ಅಂತ ನೋಡಿಕೊಂಡೇ ದುಡ್ಡು ಕೊಡಿ. ಹಳೇ ಆವೃತ್ತಿ ಅರ್ಧ ಬೆಲೆಗೆ ಸಿಗುತ್ತದೆ ಅಂತ ಆಸೆಪಡಬೇಡಿ.