ಏಲಂ ಕೂಗಿದ ದುಡ್ಡು ಪೂರ್ತಿ ಕೈಗೆ ಬರಬೇಕಾದರೆ

ಮಂಗಳೂರಿನ ಕದ್ರಿಯಲ್ಲಿ ನಮ್ಮ ಓಣಿಯ ಮೇಷ್ಟ್ರೊಬ್ಬರು ನಲ್ವತ್ತು ವರ್ಷ ಬೀಡಿ ಲೇಬಲ್, ಬೆಂಕಿಪೆಟ್ಟಿಗೆ ಲೇಬಲ್ ಕೂಡಿಟ್ಟವರು. ಹೋದ ಮಳೆಗಾಲದಲ್ಲಿ ಒಂದು ಆಲ್ಬಂ ಆನ್‌ಲೈನ್ ಏಲಂಗೆ ಹಾಕಿದರು. ಹೊರದೇಶದವರೊಬ್ಬರು ಒಳ್ಳೆಯ ಬೆಲೆಗೇ ಕೂಗಿದರು. ವಾರ ಕಳೆದ ಮೇಲೆ ಮೇಷ್ಟ್ರು ಪಾಸ್‌ಬುಕ್ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಮೂರು ಸಲ ಕಳೆಯುವ ಲೆಕ್ಕ ಮಾಡಿದ್ದರು. ಮೂರು ಸಲವೂ ಸುಮಾರು ನಾನೂರು ರೂಪಾಯಿ ಕಡಿಮೆ. "ಶುಲ್ಕ ನಾಲ್ಕು ಚಿಲ್ಲರೆ ಪರ್ಸೆಂಟ್ ಅಂತ ಓದಿಯೇ ಸೇರಿದ್ದು. ಉಳಿದದ್ದು ಎಲ್ಲಿಗೆ ಹೋಯ್ತು?" ಅಂತ ಕೇಳಿದರು.

ನಾಣ್ಯ, ಅಂಚೆಚೀಟಿ, ಹಳೆ ಕ್ಯಾಮೆರಾ, ಗಡಿಯಾರ ಮಾರುವವರು ಮಂಗಳೂರು, ಉಡುಪಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ವಾಟ್ಸಾಪ್ ಗುಂಪಿನಲ್ಲಿ ಸಂಜೆ ಏಳಕ್ಕೆ ಶುರುವಾಗಿ ಒಂಬತ್ತಕ್ಕೆ ಮುಗಿಯುವ ಏಲಂಗಳೂ ಉಂಟು. ಫೋಟೊ ಚೆನ್ನಾಗಿ ತೆಗೆಯುತ್ತಾರೆ, ಬೆಲೆ ಹುಷಾರಾಗಿ ಇಡುತ್ತಾರೆ. ದುಡ್ಡು ಯಾವ ದಾರಿಯಲ್ಲಿ ತರಿಸಬೇಕು ಎನ್ನುವಲ್ಲಿ ಎಡವುತ್ತಾರೆ. ಮಲ್ಪೆ ದಕ್ಕೆಯಲ್ಲಿ ಮೀನು ಏಲಂ ಆಗುವಾಗ ಕೂಗಿದವನು ಎದುರಿಗೇ ನಿಂತಿರುತ್ತಾನೆ. ಇವತ್ತು ಕೊಡದಿದ್ದರೆ ನಾಳೆ ಅಲ್ಲೇ ಸಿಗುತ್ತಾನೆ. ಆನ್‌ಲೈನ್‌ನಲ್ಲಿ ಆ ಧೈರ್ಯ ಇಲ್ಲ. ಹಾಗಾಗಿ ಯಾವ ಸೇವೆ ಆರಿಸುವಾಗಲೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ? ಆ ದುಡ್ಡು ಯಾವತ್ತಿಗೆ ನಿಜವಾಗಿ ನಮ್ಮದಾಗುತ್ತದೆ?

1. ಏಲಂಗೆ ಬೇರೆಯೇ ಖಾತೆ ತೆರೆಯಿರಿ

ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ ಹುಟ್ಟಿದ ಕರಾವಳಿ ನಮ್ಮದು. ಇಲ್ಲಿ ಇನ್ನೊಂದು ಉಳಿತಾಯ ಖಾತೆ ತೆರೆಯುವುದು ದೊಡ್ಡ ಕೆಲಸವೇ ಅಲ್ಲ. ಆದರೂ ಹೆಚ್ಚಿನವರು ಸಂಬಳದ ಖಾತೆಯ ಕ್ಯೂಆರ್ ಕೋಡನ್ನೇ ಗುಂಪಿಗೆ ಹಾಕುತ್ತಾರೆ. ಹಾಗೆ ಮಾಡಬೇಡಿ. ಕೊಂಡವನು ಕಳಿಸಿದ ದುಡ್ಡು ಎಲ್ಲಿಂದಲೋ ಮೋಸದಿಂದ ಎತ್ತಿದ್ದಾಗಿದ್ದರೆ, ದೂರು ದಾಖಲಾದ ಮೇಲೆ ಆ ದುಡ್ಡು ಹರಿದ ಖಾತೆಗಳಿಗೆಲ್ಲ ತಡೆ ಬೀಳಬಹುದು. ನನಗೇ ಹೀಗಾಗಿತ್ತು. ₹2,200ಕ್ಕೆ ಒಂದು ಕೈಗಡಿಯಾರ ಮಾರಿದ್ದೆ. ಅದಕ್ಕಾಗಿ ಸಂಬಳದ ಖಾತೆ ಇಪ್ಪತ್ತು ದಿನ ಮುಚ್ಚಿಹೋಯಿತು. ಮನೆ ಸಾಲದ ಕಂತು ತಪ್ಪಿತು. ಅವತ್ತಿನಿಂದ ಏಲಂ ಖಾತೆ ಬೇರೆ. ವಾರಕ್ಕೊಮ್ಮೆ ಅದನ್ನು ಖಾಲಿ ಮಾಡುತ್ತೇನೆ.

2. ಕೊಳ್ಳುವವರು ಎಲ್ಲಿದ್ದಾರೆ ನೋಡಿ

ದೇಶದೊಳಗೆ ಮಾರುವುದಾದರೆ ಯುಪಿಐ ಸಾಕು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗೆ ವ್ಯಾಪಾರಿಗಳ ಮೇಲೆ ಶುಲ್ಕ ಇಲ್ಲ. ಒಬ್ಬರಿಂದ ಒಬ್ಬರಿಗೆ ಕಳಿಸುವಾಗ ಸಾಮಾನ್ಯ ಮಿತಿ ದಿನಕ್ಕೆ ₹1 ಲಕ್ಷ. ಅದಕ್ಕಿಂತ ಜಾಸ್ತಿ ಆದರೆ ಬ್ಯಾಂಕ್ ಖಾತೆಯಿಂದ ಖಾತೆಗೆ ಕಳಿಸುವ ನೆಫ್ಟ್ ಮಾಡಿಸಿ. 2019ರ ಡಿಸೆಂಬರ್‌ನಿಂದ ಅದು ರಾತ್ರಿ ಹಗಲು ನಡೆಯುತ್ತದೆ. ಉಳಿತಾಯ ಖಾತೆಯಿಂದ ಆನ್‌ಲೈನ್‌ನಲ್ಲಿ ಮಾಡಿದರೆ ಅದಕ್ಕೂ ಶುಲ್ಕ ಇಲ್ಲ.

ಕ್ರೆಡಿಟ್ ಕಾರ್ಡಿನಲ್ಲೇ ಕೊಡುತ್ತೇನೆ ಎನ್ನುವವರಿಗೆ ಪೇಮೆಂಟ್ ಗೇಟ್‌ವೇ (ಕಾರ್ಡಿನ ದುಡ್ಡು ಪಡೆದು ನಿಮ್ಮ ಖಾತೆಗೆ ಹಾಕುವ ಸೇವೆ) ಲಿಂಕ್ ಬೇಕಾಗುತ್ತದೆ. ಅದರ ಶುಲ್ಕ ಸಾಮಾನ್ಯವಾಗಿ 2%. ಆ ಶುಲ್ಕದ ಮೇಲೆ 18% ಜಿಎಸ್‌ಟಿ. ಅಂದರೆ ನಿಮ್ಮ ಲೆಕ್ಕಕ್ಕೆ 2.36%. ದುಡ್ಡು ಖಾತೆಗೆ ಬರಲು ಎರಡು ಮೂರು ಕೆಲಸದ ದಿನ ಬೇಕು. ಯುಪಿಐಗೆ ಶುಲ್ಕ ಇಲ್ಲವಲ್ಲ ಎಂದು ಎಲ್ಲರಿಗೂ ಅದೇ ಲಿಂಕ್ ಕಳಿಸುವವರಿದ್ದಾರೆ. ಯುಪಿಐನಲ್ಲೇ ಕೊಟ್ಟರೂ ಗೇಟ್‌ವೇ ತನ್ನ ಸೇವೆಗೆಂದು ಬೇರೆ ಶುಲ್ಕ ಹಾಕಬಹುದು. ದರಪಟ್ಟಿಯ ಕೆಳಗಿನ ಸಣ್ಣ ಅಕ್ಷರ ಓದಿ. ನನ್ನನ್ನು ಕೇಳಿದರೆ, ₹5,000ಕ್ಕಿಂತ ಕಡಿಮೆಯ ಮಾಲಿಗೆ ಗೇಟ್‌ವೇ ಬೇಡ.

ದುಡ್ಡು ಬಂತೆಂದು ಕೂಗಿ ಹೇಳುವ ಪೆಟ್ಟಿಗೆಯನ್ನೂ ಏಲಂನವರು ತೆಗೆದುಕೊಳ್ಳಬೇಡಿ. ಗೂಡಂಗಡಿಗೆ, ಮೀನಿನ ಮಾರ್ಕೆಟ್ಟಿಗೆ ಅದು ಸರಿ, ಕೈ ಬಿಡುವಿರುವುದಿಲ್ಲ. ತಿಂಗಳಿಗೆ ಆರು ಮಾಲು ಮಾರುವವರು ಅದಕ್ಕೆ ಬಾಡಿಗೆ ಕಟ್ಟುವುದು ದಂಡ.

ಇನ್ನು ಗಲ್ಫ್‌ನಲ್ಲಿರುವ ನಮ್ಮವರು. ದುಬೈ, ದೋಹಾ, ಮಸ್ಕತ್‌ನಲ್ಲಿ ಕೂತು ಊರಿನ ಏಲಂನಲ್ಲಿ ಕೂಗುವವರು ತುಂಬ ಮಂದಿ. ಇವರನ್ನು ಹೊರದೇಶದ ಗಿರಾಕಿ ಎಂದುಕೊಂಡು ಡಾಲರ್ ಲೆಕ್ಕಕ್ಕೆ ಇಳಿಯುವುದೇ ದೊಡ್ಡ ತಪ್ಪು. ಮೊದಲು ಒಂದು ಮಾತು ಕೇಳಿ: "ಊರಿನಲ್ಲಿ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ ಉಂಟಾ?" ಹೊರದೇಶದಲ್ಲಿರುವ ಭಾರತೀಯರಿಗೆಂದೇ ಇಲ್ಲಿನ ಬ್ಯಾಂಕುಗಳು ಕೊಡುವ ಖಾತೆ ಇವು. 2023ರಿಂದ ಯುಎಇ, ಸೌದಿ, ಕತಾರ್, ಒಮಾನ್ ಸೇರಿ ಹಲವು ದೇಶಗಳ ಮೊಬೈಲ್ ನಂಬರನ್ನೇ ಇಂಥ ಖಾತೆಗೆ ಜೋಡಿಸಿ ಯುಪಿಐ ಮಾಡಲು ಅವಕಾಶ ಇದೆ. ದುಡ್ಡು ರೂಪಾಯಿಯಲ್ಲೇ ಬರುತ್ತದೆ. ಮಾಲನ್ನು ಕುಂದಾಪುರದಲ್ಲೋ ಬಂಟ್ವಾಳದಲ್ಲೋ ಇರುವ ಅವರ ಮನೆಗೆ ಕಳಿಸಿ. ಕಸ್ಟಮ್ಸ್ ಇಲ್ಲ, ವಿನಿಮಯದ ನಷ್ಟ ಇಲ್ಲ. ಅವರು ರಜೆಯಲ್ಲಿ ಬಂದಾಗ ತೆಗೆದುಕೊಂಡು ಹೋಗುತ್ತಾರೆ.

ನಿಜಕ್ಕೂ ಹೊರದೇಶದವರಾದರೆ ಮಾತ್ರ ಅಲ್ಲಿನ ದುಡ್ಡನ್ನು ಇಲ್ಲಿಗೆ ತರಿಸಿಕೊಡುವ ಪೇಪಾಲ್, ಪೇಯೋನಿಯರ್‌ನಂಥ ಸೇವೆ. 2021ರ ಏಪ್ರಿಲ್ 1ರಿಂದ ಪೇಪಾಲ್ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ಬೆಂಗಳೂರಿನ ಗಿರಾಕಿಗೆ ಪೇಪಾಲ್ ಬಿಲ್ ಕಳಿಸಲು ಒದ್ದಾಡುವವರನ್ನು ಈಗಲೂ ನೋಡುತ್ತೇನೆ, ಅದು ಆಗುವ ಕೆಲಸ ಅಲ್ಲ. ವ್ಯಾಪಾರವೆಂದೇ ಹೊರಗೆ ಕಳಿಸುವುದಾದರೆ ಆಮದು-ರಫ್ತು ಮಾಡುವವರಿಗೆ ಬೇಕಾದ ಐಇಸಿ ನಂಬರ್ ಮಾಡಿಸಿ. ಆನ್‌ಲೈನ್‌ನಲ್ಲಿ ಸರ್ಕಾರದ ಶುಲ್ಕ ₹500. ಏಜೆಂಟರಿಗೆ ಸಾವಿರಗಟ್ಟಲೆ ಕೊಡುವ ಅಗತ್ಯ ಇಲ್ಲ.

ಇಲ್ಲೇ ಇನ್ನೊಂದು ಮಾತು. ನೂರು ವರ್ಷ ದಾಟಿದ ನಾಣ್ಯ, ವಿಗ್ರಹ, ಕುಶಲ ಕೆಲಸದ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತವೆ. ಹಳೆ ಹಸ್ತಪ್ರತಿಗಾದರೆ ಎಪ್ಪತ್ತೈದೇ ವರ್ಷ. ಖಾಸಗಿಯವರು ಇವನ್ನು ದೇಶದ ಹೊರಗೆ ಕಳಿಸುವಂತಿಲ್ಲ. ದೇಶದೊಳಗೆ ಮಾರುವ ವ್ಯಾಪಾರಕ್ಕೂ ಪರವಾನಗಿ ಬೇಕು. ಮನೆತನದ ಹಳೆ ಹಿತ್ತಾಳೆಯ ದೈವದ ಮೊಗಕ್ಕೆ ಹೊರಗಿನವರು ಎಷ್ಟೇ ಡಾಲರ್ ಕೂಗಲಿ, ಬೇಡ ಎಂದುಬಿಡಿ.

3. ಕೈಗೆ ಉಳಿಯುವುದನ್ನು ಕಾಗದದ ಮೇಲೆ ಬರೆಯಿರಿ

ಮೇಷ್ಟ್ರ ನಾನೂರು ರೂಪಾಯಿ ಹೋದದ್ದು ಇಲ್ಲಿ. ಆ ಸಂಜೆ ಜಗಲಿಯಲ್ಲಿ ಕೂತು ಹಾಕಿದ ಲೆಕ್ಕವನ್ನು ನಿಧಾನವಾಗಿ ನೋಡೋಣ.

ಕೂಗಿದ ಬೆಲೆ 40 ಡಾಲರ್. ಅಂಚೆ ಖರ್ಚು 12. ಗಿರಾಕಿ ಕೊಟ್ಟದ್ದು 52. ಸೇವೆಯ ಶುಲ್ಕ 4.4%, ಜೊತೆಗೆ ಪ್ರತಿ ಪಾವತಿಗೆ 30 ಸೆಂಟ್. ಮೇಷ್ಟ್ರು 40ರ ಮೇಲೆ ಲೆಕ್ಕ ಹಾಕಿದ್ದರು. ಆದರೆ ಶುಲ್ಕ ಬೀಳುವುದು ಪೂರ್ತಿ 52ರ ಮೇಲೆ. ಅಂಚೆಯ ದುಡ್ಡು ನಿಮ್ಮ ಲಾಭ ಅಲ್ಲ, ಕೌಂಟರಿನಲ್ಲಿ ಕೊಟ್ಟುಬರುವ ದುಡ್ಡು. ಆದರೂ ಅದರ ಮೇಲೂ ಶುಲ್ಕ ಉಂಟು. 52ರ 4.4% ಅಂದರೆ 2.29. ಅದಕ್ಕೆ 0.30 ಸೇರಿಸಿದರೆ 2.59. ಉಳಿದದ್ದು 49.41 ಡಾಲರ್.

ಕಣ್ಣಿಗೆ ಕಾಣದ ಕಡಿತ ಇದರ ನಂತರ ಬರುತ್ತದೆ. ಡಾಲರನ್ನು ರೂಪಾಯಿ ಮಾಡುವಾಗ ಸೇವೆಯವರು ಮಾರುಕಟ್ಟೆ ದರ ಕೊಡುವುದಿಲ್ಲ, ತಮ್ಮ ಪಾಲು ಇಟ್ಟುಕೊಂಡು ಕೊಡುತ್ತಾರೆ. ಇದನ್ನು ಶುಲ್ಕ ಎಂದು ಬೇರೆ ಸಾಲಿನಲ್ಲಿ ತೋರಿಸದೆ ದರದೊಳಗೇ ಸೇರಿಸಿರುತ್ತಾರೆ. ಡಾಲರಿಗೆ ₹85 ಎಂದು ಹಿಡಿಯಿರಿ. 4% ಬಿಟ್ಟುಕೊಂಡರೆ ನಿಮಗೆ ಸಿಗುವುದು ₹81.60. ಈಗ 49.41ನ್ನು 81.60ರಿಂದ ಗುಣಿಸಿ. ₹4,032 ಬರುತ್ತದೆ. 52 ಡಾಲರಿಗೆ ₹85ರಂತೆ ಬರಬೇಕಿದ್ದದ್ದು ₹4,420. ಕಡಿಮೆ ಬಿದ್ದದ್ದು ₹388.

ಪೂರ್ತಿ ಮೊತ್ತದ ಮೇಲೆ ಇದು 8.8%. ಆದರೆ ನಿಮ್ಮ ಮಾಲಿನ ಬೆಲೆ 40 ಡಾಲರ್, ಅಂದರೆ ₹3,400. ಅದರ ಮೇಲೆ ನೋಡಿದರೆ 11.4%. ಮೇಷ್ಟ್ರು ಓದಿದ್ದ ನಾಲ್ಕು ಚಿಲ್ಲರೆಯ ಎರಡೂವರೆ ಪಟ್ಟಿಗಿಂತ ಜಾಸ್ತಿ. ಏಲಂ ತಾಣದ ಕಮಿಷನ್ ಇದ್ದರೆ ಅದು ಬೇರೆ.

ಸಣ್ಣ ಮಾಲಿಗೆ ಆ 30 ಸೆಂಟ್ ಇನ್ನೂ ಜೋರಾಗಿ ಕಚ್ಚುತ್ತದೆ. 5 ಡಾಲರಿನ ಅಂಚೆಚೀಟಿಗೆ 30 ಸೆಂಟ್ ಅಂದರೆ ಅದೇ 6% ಆಯಿತು ಅಲ್ವಾ? ಆದ್ದರಿಂದ ಒಬ್ಬರೇ ನಾಲ್ಕು ಮಾಲು ಗೆದ್ದರೆ ನಾಲ್ಕು ಬಿಲ್ ಕಳಿಸಬೇಡಿ. ಒಟ್ಟು ಸೇರಿಸಿ ಒಂದೇ ಬಿಲ್ ಮಾಡಿ. ಅಂಚೆ ಖರ್ಚೂ ಉಳಿಯುತ್ತದೆ.

ಬೇರೆ ಬೇರೆ ಸೇವೆಗಳನ್ನು ಹೋಲಿಸುವಾಗಲೂ ಇದೇ ರೀತಿ ಮಾಡಿ. ದರಪಟ್ಟಿಯ ಪರ್ಸೆಂಟುಗಳನ್ನು ಅಕ್ಕಪಕ್ಕ ಇಟ್ಟರೆ ಪ್ರಯೋಜನ ಇಲ್ಲ. ನಿಮ್ಮ ಮಾಲಿನ ಬೆಲೆಯನ್ನೇ ಇಟ್ಟು, ಅದೇ ದಿನದ ದರದಲ್ಲಿ, ಕೊನೆಗೆ ಬ್ಯಾಂಕಿಗೆ ಬೀಳುವ ರೂಪಾಯಿ ಎಷ್ಟು ಅಂತ ಎರಡಕ್ಕೂ ಬರೆಯಿರಿ. ದರಗಳು ಆಗಾಗ ಬದಲಾಗುತ್ತವೆ. ಹೋದ ವರ್ಷ ಗೆಳೆಯ ಹೇಳಿದ ಲೆಕ್ಕ ಇವತ್ತು ನಂಬಬೇಡಿ. ನಿಮ್ಮ ಖಾತೆಯೊಳಗೆ ಹೋಗಿ ಅಲ್ಲಿ ತೋರಿಸುವುದನ್ನೇ ತೆಗೆದುಕೊಳ್ಳಿ. ಆ ಕಾಗದ ನೋಡಿದ ಮೇಲೆ ಏಲಂನ ಆರಂಭದ ಬೆಲೆ ಇಡಿ.

4. ನಿಯಮವನ್ನು ಏಲಂಗೆ ಮೊದಲೇ ಹಾಕಿ

ಪಾವತಿ ಯಾವುದರಲ್ಲಿ, ಎಷ್ಟು ಗಂಟೆಯೊಳಗೆ, ಅಂಚೆ ಖರ್ಚು ಯಾರದ್ದು, ಈ ಮೂರನ್ನು ಫೋಟೊದ ಕೆಳಗೇ ಬರೆಯಿರಿ. ನಾನು 48 ಗಂಟೆ ಕೊಡುತ್ತೇನೆ. ಮಾಲು ತಲುಪಿದ ಮೇಲೆ ದುಡ್ಡು ಎನ್ನುವ ಪದ್ಧತಿ ಏಲಂಗೆ ಬೇಡವೇ ಬೇಡ. ರಾತ್ರಿ ಹುರುಪಿನಲ್ಲಿ ಕೂಗಿದವರು ಪೋಸ್ಟ್‌ಮ್ಯಾನ್ ಬಾಗಿಲಿಗೆ ಬರುವಷ್ಟರಲ್ಲಿ ತಣ್ಣಗಾಗಿರುತ್ತಾರೆ. ಹೋಗುವ ಖರ್ಚೂ ನಿಮ್ಮದೇ, ವಾಪಸ್ ಬರುವ ಖರ್ಚೂ ನಿಮ್ಮದೇ.

5. ದುಡ್ಡು ನಿಜಕ್ಕೂ ಬಂದಿದೆಯೇ ನೋಡಿ

ಹಸಿರು ಗುರುತಿನ ಸ್ಕ್ರೀನ್‌ಶಾಟ್ ನೋಡಿ ಮಾಲು ಕಟ್ಟುವುದನ್ನು ಇವತ್ತೇ ಬಿಡಿ. ಅಂಥ ಚಿತ್ರ ತಯಾರಿಸುವ ನಕಲಿ ಆ್ಯಪ್‌ಗಳೇ ಇವೆ. ಎಸ್ಸೆಮ್ಮೆಸ್ಸೂ ಸಾಕಾಗುವುದಿಲ್ಲ, ಬ್ಯಾಂಕಿನದ್ದೇ ಎನ್ನುವ ಹಾಗೆ ಬರೆದು ಕಳಿಸುತ್ತಾರೆ. ಬ್ಯಾಂಕಿನ ಸ್ವಂತ ಆ್ಯಪ್ ತೆರೆಯಿರಿ. ಸ್ಟೇಟ್‌ಮೆಂಟಿಗೆ ಹೋಗಿ. ಮೊತ್ತ ಜಮಾ ಆದ ಸಾಲು ಕಾಣಬೇಕು. ಗಿರಾಕಿ ಕಳಿಸಿದ 12 ಅಂಕಿಯ ಯುಪಿಐ ನಂಬರ್ ಆ ಸಾಲಿನಲ್ಲಿರುವುದಕ್ಕೆ ತಾಳೆ ಆಗಬೇಕು. ಎರಡು ನಿಮಿಷದ ಕೆಲಸ.

"ನನ್ನ ಖಾತೆಯಿಂದ ಕಟ್ ಆಗಿದೆ, ನಿಮಗೆ ಬಂದಿಲ್ವಾ?" ಎಂದು ಕೆಲವರು ಕೇಳುತ್ತಾರೆ. ಇದು ಸುಳ್ಳೇ ಆಗಿರಬೇಕೆಂದಿಲ್ಲ, ಅವರ ಮೇಲೆ ರೇಗಬೇಡಿ. ಒಬ್ಬರಿಂದ ಒಬ್ಬರಿಗೆ ಮಾಡಿದ ಪಾವತಿ ಹೀಗೆ ನಡುವೆ ಸಿಕ್ಕಿಕೊಂಡರೆ, ಮಾರನೆ ದಿನದೊಳಗೆ ಅದು ತಾನಾಗಿ ಕಳಿಸಿದವರಿಗೆ ವಾಪಸ್ ಹೋಗಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. ತಡವಾದರೆ ದಿನಕ್ಕೆ ₹100 ಪರಿಹಾರ. ಅವರಿಗೆ ಇದನ್ನು ತಿಳಿಸಿ, ಒಂದು ದಿನ ಕಾಯಿರಿ. ಮಾಲು ಎತ್ತಿಡಿ, ಬೇರೆಯವರಿಗೆ ಕೊಡಬೇಡಿ.

"ತಪ್ಪಿ ಜಾಸ್ತಿ ಹಾಕಿಬಿಟ್ಟೆ, ಉಳಿದದ್ದು ಈ ನಂಬರಿಗೆ ಕಳಿಸಿ" ಎಂದರೆ ಮಾತ್ರ ಎಚ್ಚರ. ಬೇರೆ ನಂಬರಿಗೆ ಒಂದು ರೂಪಾಯಿಯೂ ಕಳಿಸಬೇಡಿ. ಜಮಾ ಆದದ್ದು ನಿಜವಾಗಿದ್ದರೆ ಯಾವ ಖಾತೆಯಿಂದ ಬಂತೋ ಅಲ್ಲಿಗೇ, ಬ್ಯಾಂಕಿಗೆ ತಿಳಿಸಿ ಹಿಂದಿರುಗಿಸಿ. ದುಡ್ಡು ಪಡೆಯಲು ಪಿನ್ ಒತ್ತುವ ಅಗತ್ಯ ಯಾವತ್ತೂ ಇಲ್ಲ. ಪಿನ್ ಕೇಳಿತು ಅಂದರೆ ನಿಮ್ಮ ದುಡ್ಡು ಹೊರಗೆ ಹೋಗುತ್ತಿದೆ. ಹೋಗಿಯೇ ಬಿಟ್ಟಿದ್ದರೆ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಳೆ ಮಾಡೋಣ ಎಂದು ಕೂರಬೇಡಿ, ಗಂಟೆ ಕಳೆದಷ್ಟೂ ದುಡ್ಡು ಕೈಯಿಂದ ಕೈಗೆ ದಾಟಿರುತ್ತದೆ.

ಹೊರದೇಶದ ಪಾವತಿಯಲ್ಲಿ "ಬಂತು" ಎನ್ನುವ ಮಾತೇ ಬೇರೆ. ಪೇಪಾಲ್‌ನಲ್ಲಿ ಕೊಂಡವರು 180 ದಿನದೊಳಗೆ ತಕರಾರು ಎತ್ತಬಹುದು. ಕಾರ್ಡಿನಲ್ಲಿ ಕೊಟ್ಟವರು ತಮ್ಮ ಬ್ಯಾಂಕಿನ ಮೂಲಕವೂ ದುಡ್ಡು ವಾಪಸ್ ಕೇಳಬಹುದು. ಅನುಕೂಲ ಜಾಸ್ತಿ ಇರುವುದು ಕೊಳ್ಳುವವರಿಗೆ. ಅದಕ್ಕೇ ಗುರುತಿಲ್ಲದ ಜನ ನಂಬಿ ನಿಮ್ಮ ಮಾಲಿಗೆ ಕೂಗುತ್ತಾರೆ. ಆ ನಂಬಿಕೆಗೆ ನೀವು ಕೊಡುವ ಬೆಲೆಯೇ ಈ ಶುಲ್ಕ ಎಂದು ನಾನು ಲೆಕ್ಕ ಹಿಡಿಯುತ್ತೇನೆ. ₹15,000ದ ಕ್ಯಾಮೆರಾಕ್ಕೆ ಊರಿನಲ್ಲಿ ಗಿರಾಕಿ ಸಿಗದಿದ್ದರೆ, ಹತ್ತು ಪರ್ಸೆಂಟ್ ಬಿಟ್ಟು ಹೊರಗೆ ಮಾರುವುದು ಸರಿಯೇ. ಇಲ್ಲೇ ಸಲೀಸಾಗಿ ಹೋಗುವ ಮಾಲಿಗೆ ಅಷ್ಟು ಬಿಡುವುದು ಸರಿಯಲ್ಲ.

6. ಕಟ್ಟಿ ಕಳಿಸಿ, ಕಾಗದ ಇಟ್ಟುಕೊಳ್ಳಿ

ಸ್ಪೀಡ್ ಪೋಸ್ಟ್ ಸಾಕು. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟೂ ಅದರಲ್ಲೇ ಸೇರಿದೆ. ಹೊರದೇಶಕ್ಕಾದರೆ ಪಾವತಿಯಲ್ಲಿ ಕಾಣುವ ವಿಳಾಸಕ್ಕೇ ಕಳಿಸಿ. "ತಂಗಿಯ ಮನೆಗೆ ಕಳಿಸಿ" ಎಂದು ಆಮೇಲೆ ಸಂದೇಶ ಬಂದರೆ ಒಪ್ಪಬೇಡಿ, ತಕರಾರು ಎದ್ದಾಗ ಮಾರಾಟಗಾರರ ರಕ್ಷಣೆ ಸಿಗುವುದಿಲ್ಲ. ಕಟ್ಟುವ ಮೊದಲು ಮಾಲಿನ ನಾಲ್ಕು ಫೋಟೊ, ಅಂಚೆ ರಸೀದಿಯ ಒಂದು ಫೋಟೊ ತೆಗೆಯಿರಿ. ರಸೀದಿಯ ಶಾಯಿ ನಮ್ಮ ಮಳೆಗಾಲದ ತೇವಕ್ಕೆ ಎರಡೇ ತಿಂಗಳಲ್ಲಿ ಮಾಸುತ್ತದೆ. ಆ 180 ದಿನ ಮುಗಿಯುವವರೆಗೆ ಫೋಟೊ ಅಳಿಸಬೇಡಿ.

ಮೇಷ್ಟ್ರು ಎರಡನೇ ಆಲ್ಬಂ ಮೊನ್ನೆ ಮಾರಿದರು. ಕೂಗಿದವರು ಶಾರ್ಜಾದಲ್ಲಿರುವ ಕಾಪುವಿನವರು. ದುಡ್ಡು ಯುಪಿಐನಲ್ಲಿ ಪೂರ್ತಿ ಬಂತು, ಆಲ್ಬಂ ಕಾಪುವಿನ ಅವರ ತಾಯಿಯ ಮನೆಗೆ ಹೋಯಿತು.